ಗೊರಕೆಗೆ ಬೈಯುತ್ತೀರಿ, ನಿಂತರೆ ನಿದ್ದೆ ಹೋಗುತ್ತೀರಿ: ಕಿರುನಾಲಿಗೆಯ ಜೊತೆ ಮಾತುಕತೆ

ದಾವಣಗೆರೆಯ ಒಂದು ಮದುವೆ ಛತ್ರ. ರಾತ್ರಿ ಊಟ ಮುಗಿದು, ಇಸ್ಪೀಟಿನ ಕೊನೆಯ ಆಟವೂ ಮುಗಿದು, ಗಂಡಿನ ಕಡೆಯ ಗಂಡಸರೆಲ್ಲ ಮಹಡಿಯ ಹಾಲಿನಲ್ಲಿ ಜಮಖಾನದ ಮೇಲೆ ಸಾಲಾಗಿ ಉರುಳಿಕೊಂಡಿದ್ದರು. ಸಾಲಿನಲ್ಲಿ ಮೂರನೆಯವರು ಕಂದಾಯ ಇಲಾಖೆಯ ಹಿರಿಯ ನೌಕರರು, ಐವತ್ತು ದಾಟಿದವರು. ಎರಡು ಬಗೆಯ ಬಿಪಿ ಮಾತ್ರೆ ನುಂಗಿ, "ನನಗೇನಪ್ಪಾ, ದಿಂಬಿಗೆ ತಲೆ ಕೊಟ್ಟರೆ ಸಾಕು" ಎಂದು ಹೆಮ್ಮೆಯಿಂದ ಹೇಳಿ ಅಂಗಾತ ಮಲಗಿದವರು ಎರಡೇ ನಿಮಿಷದಲ್ಲಿ ಛತ್ರವನ್ನೇ ವಶಕ್ಕೆ ತೆಗೆದುಕೊಂಡರು. ನಿದ್ದೆ ಬಾರದ ನಾನು ಮೊಬೈಲಿನ ಟಾರ್ಚು ಹಾಕಿ ಅವರ ತೆರೆದ ಬಾಯಿಯೊಳಗೆ ಇಣುಕಿದೆ. ಅಂಗುಳಿನ ತುದಿಯಲ್ಲಿ ಕೆಂಪಗೆ ಊದಿಕೊಂಡು, ಒದ್ದೆಯಾಗಿ ಒಬ್ಬರು ಜೋತಾಡುತ್ತಿದ್ದರು. ಮಾತಿಗೆಳೆದೆ.

ಪ್ರ: ಮೊದಲು ನಿಮ್ಮ ಪರಿಚಯ ಹೇಳಿ.

ಕಿ.ನಾ.: ಕೇಳಿದಿರಲ್ಲ, ಸಂತೋಷ. ಇವರು ಸಣ್ಣವರಿದ್ದಾಗ ಕೆಮ್ಮು ಬಂದರೆ ಇವರಜ್ಜಿ "ಕಿರುನಾಲಿಗೆ ಬಿದ್ದಿದೆ" ಅಂತ ಬೆರಳಿಗೆ ಉಪ್ಪು-ಮೆಣಸು ಸವರಿಕೊಂಡು ನನ್ನನ್ನು ಎತ್ತಿ ಕೂರಿಸೋರು. ಅಜ್ಜಿ ಹೋದ ಮೇಲೆ ವಿಚಾರಿಸುವವರೇ ಇಲ್ಲ. ಕೆಲಸಕ್ಕೇನೂ ಕಡಿಮೆಯಿಲ್ಲ. ಇವರು ನುಂಗುವಾಗೆಲ್ಲ ಅಂಗುಳಿನ ಜೊತೆ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು, ಇಲ್ಲದಿದ್ದರೆ ಕುಡಿದ ಕಾಫಿ ಮೂಗಿನಲ್ಲಿ ಬರುತ್ತದೆ. ಜೊಲ್ಲು ಸುರಿಸಿ ಗಂಟಲು ಒದ್ದೆ ಇಡಬೇಕು. ಅರಬ್ಬರು, ಫ್ರೆಂಚರು ಮಾತಿಗೂ ನನ್ನನ್ನು ಬಳಸಿಕೊಳ್ಳುತ್ತಾರೆ. ನಿಮ್ಮ ಅಕ್ಷರಮಾಲೆಯಲ್ಲಿ ಗಂಟಲಿಗೆ, ಅಂಗುಳಿಗೆ, ಹಲ್ಲಿಗೆ, ತುಟಿಗೆ ಎಲ್ಲರಿಗೂ ಸಾಲು ಸಾಲು ಅಕ್ಷರ. ನನಗೆ ಒಂದೂ ಇಲ್ಲ. ಅದಕ್ಕೇ ರಾತ್ರಿ ಹೊತ್ತು ನನ್ನದೇ ಕಾರ್ಯಕ್ರಮ.

ಪ್ರ: ಅಂದರೆ ಈ ಗದ್ದಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗಾಯಿತು.

ಕಿ.ನಾ.: ನಡುಗುವವನು ನಾನು, ಸರಿ. ಹಾಗಂತ ಆರೋಪಿಯೂ ನಾನೇನಾ? ನಾಲಿಗೆಯನ್ನು ಮುಂದಕ್ಕೆಳೆದು ಗಂಟಲು ತೆರೆದಿಡುವ ಸ್ನಾಯುಗಳು ಹಗಲೆಲ್ಲ ಚುರುಕಾಗಿರುತ್ತವೆ. ನಿದ್ದೆ ಬಂದ ಕೂಡಲೇ ಅರ್ಧ ಡ್ಯೂಟಿ ಬಿಟ್ಟು ಹೊರಡುತ್ತವೆ. ಇವರು ಬೇರೆ ಅಂಗಾತ ಮಲಗಿದ್ದಾರೆ. ನಾಲಿಗೆ ತನ್ನ ಭಾರವನ್ನೆಲ್ಲ ಹಿಂದಕ್ಕೆ ಹಾಕಿಕೊಂಡು ಕೂರುತ್ತದೆ. ಕೊರಳ ಸುತ್ತ ಕೊಬ್ಬು. ಇವರು ಅಂಗಿಯ ಮೇಲಿನ ಗುಂಡಿ ಹಾಕಿ ಎಷ್ಟು ವರ್ಷವಾಯಿತು ಕೇಳಿ. ಸಾಲದ್ದಕ್ಕೆ ಸಂಜೆ ಮೇಲಿನ ರೂಮಿನಲ್ಲಿ ಭಾವಮೈದನ ಜೊತೆ ಎರಡು ಪೆಗ್ಗು ಬೇರೆ. ಅದು ಇಳಿದರೆ ಉಳಿದರ್ಧ ಸ್ನಾಯುಗಳೂ ರಜೆ ಹಾಕುತ್ತವೆ. ಇಷ್ಟು ಇಕ್ಕಟ್ಟಿನಲ್ಲಿ ಗಾಳಿ ನುಗ್ಗಿದರೆ ನಾನು ಬಡಿದುಕೊಳ್ಳದೆ ಏನು ಮಾಡಲಿ? ಬರೆದುಕೊಳ್ಳಿ: ತಪ್ಪು ಯಾವತ್ತೂ ನಾಲಿಗೆಯದೇ. ಕುಂಭಕರ್ಣ ಬ್ರಹ್ಮನೆದುರು ಇಂದ್ರಾಸನ ಕೇಳಲು ಹೋಗಿ ನಿದ್ರಾಸನ ಕೇಳಿದನಲ್ಲ, ಅವತ್ತು ತೊದಲಿದ್ದು ಯಾರು? ನಾನಂತೂ ಅಲ್ಲ.

(ಇಲ್ಲಿ ಸಂದರ್ಶನ ನಿಂತಿತು. ಗೊರಕೆಯೂ ನಿಂತಿತು. ಪಕ್ಕದ ಜಮಖಾನದವರು "ಸದ್ಯ!" ಎಂದು ಮಗ್ಗಲು ಬದಲಿಸಿದರು. ಯಜಮಾನರ ಹೊಟ್ಟೆ ಉಬ್ಬುವಾಗ ಎದೆ ಒಳಗೆ ಕುಸಿಯುತ್ತಿತ್ತು, ಎದೆ ಎದ್ದಾಗ ಹೊಟ್ಟೆ ಒಳಗೆ. ಮೂಗಿನ ಬಳಿ ಕೈ ಹಿಡಿದರೆ ಗಾಳಿಯ ಸುಳಿವಿಲ್ಲ. ಛತ್ರದ ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬರುವಷ್ಟರಲ್ಲಿ ಕಾಲು ಝಾಡಿಸಿದರು, "ಘ್ರೋಕ್" ಎಂದು ಒಂದು ದೊಡ್ಡ ಸದ್ದು, ಬಾಯಿ ಚಪ್ಪರಿಸಿದರು. ಗೊರಕೆ ಮುಂದುವರಿಯಿತು.)

ಪ್ರ: ಈಗೇನಾಯಿತು? ನನಗೆ ಎದೆ ಝಲ್ಲೆಂದಿತು.

ಕಿ.ನಾ.: ನಿಮಗಾದರೂ ಅನ್ನಿಸಿತಲ್ಲ! ಎಳನೀರಿಗೆ ಈಗ ಕಾಗದದ ಸ್ಟ್ರಾ ಕೊಡುತ್ತಾರೆ ನೋಡಿ, ನೆನೆದ ಮೇಲೆ ಜೋರಾಗಿ ಎಳೆದಷ್ಟೂ ಅಂಟಿಕೊಳ್ಳುತ್ತದೆ. ಗಂಟಲೂ ಹಾಗೇ ಮುಚ್ಚಿಕೊಂಡಿತು. ಎದೆ ಎಳೆಯುತ್ತಲೇ ಇತ್ತು, ಗಾಳಿ ಹೋಗಲಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯಿತು. ಕೊನೆಗೆ ಮಿದುಳು ಗಾಬರಿಬಿದ್ದು ಇವರನ್ನು ಅರೆಗಳಿಗೆ ಎಬ್ಬಿಸಿ ಸ್ನಾಯುಗಳನ್ನು ಡ್ಯೂಟಿಗೆ ವಾಪಸು ಕರೆಯಿತು. ಇವರಿಗೆ ಅದು ಗೊತ್ತೇ ಇಲ್ಲ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಉಸಿರು ಹೀಗೆ 10 ಸೆಕೆಂಡು ನಿಂತರೆ ಡಾಕ್ಟರರು ಅದನ್ನು ಅಪ್ನಿಯಾ ಎಂದು ಒಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ಅರೆಬರೆ ಉಸಿರಾದರೂ ಎಣಿಕೆಗೆ ಬರುತ್ತದೆ. ಗಂಟೆಗೆ 5ರ ಒಳಗಿದ್ದರೆ ಚಿಂತೆಯಿಲ್ಲ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ನಮ್ಮ ಯಜಮಾನರು ಎಸ್ಸೆಸ್ಸೆಲ್ಸಿಯಲ್ಲಿ ಯಾವ ವಿಷಯದಲ್ಲೂ ತೆಗೆಯದ ಅಂಕ ಇಲ್ಲಿ ತೆಗೆಯುತ್ತಾರೆ.

ನನಗೆ ಅರ್ಥವಾಗದ್ದು ಒಂದೇ. ಸದ್ದು ಬರುತ್ತಿರುವಷ್ಟು ಹೊತ್ತು ಗಾಳಿ ಆಡುತ್ತಿದೆ ಅಂತ ಲೆಕ್ಕ. ಆಗ ಎಲ್ಲರೂ ಶಾಪ ಹಾಕುತ್ತೀರಿ, ದಿಂಬು ಎಸೆಯುತ್ತೀರಿ. ಸದ್ದು ನಿಂತು ಮನುಷ್ಯ ಉಸಿರುಗಟ್ಟುತ್ತಿರುವಾಗ "ಸದ್ಯ" ಅಂತ ನಿದ್ದೆ ಹೋಗುತ್ತೀರಿ!

ಪ್ರ: ಆದರೂ ಅವರು ಆರೋಗ್ಯವಾಗಿಯೇ ಕಾಣುತ್ತಾರೆ. ಬಿಪಿ ಒಂದು ಬಿಟ್ಟರೆ...

ಕಿ.ನಾ.: ಬಿಪಿ ಒಂದು ಬಿಟ್ಟರೆ! ಚೆನ್ನಾಗಿ ಹೇಳಿದಿರಿ. ರಾತ್ರಿ ಎಲ್ಲರ ಬಿಪಿಯೂ ಕೆಳಗಿಳಿದು ವಿಶ್ರಾಂತಿ ತೆಗೆದುಕೊಳ್ಳಬೇಕು. ಇವರದು ಪ್ರತಿ ಸಲ ಉಸಿರುಗಟ್ಟಿದಾಗಲೂ ಮೇಲಕ್ಕೆ ಹಾರುತ್ತದೆ. ಹಗಲು ಮಾತ್ರೆ ಇಳಿಸಿದ್ದನ್ನು ರಾತ್ರಿ ನಾವು ಏರಿಸುತ್ತೇವೆ. ಡಾಕ್ಟರು ಎರಡನೇ ಮಾತ್ರೆ ಸೇರಿಸಿದರು, ಇನ್ನೇನು ಮೂರನೆಯದೂ ಬರುತ್ತದೆ. ಮಾತ್ರೆ ಹೆಚ್ಚಿದರೂ ಬಿಪಿ ಜಗ್ಗದಿದ್ದರೆ ಗೊರಕೆಯ ಬಗ್ಗೆ ವಿಚಾರಿಸಬೇಕು ಅಂತ ಅವರ ಪುಸ್ತಕದಲ್ಲೇ ಇದೆ. ವಿಚಾರಿಸಿದ್ದರೆ ಇವರು ಏನನ್ನುತ್ತಿದ್ದರು? "ನಿದ್ದೆ ಫಸ್ಟ್ ಕ್ಲಾಸ್ ಸಾರ್."

ಇನ್ನೊಂದು ಕೇಳಿ. ಇವರು ರಾತ್ರಿ ಮೂರು ಸಲ ಬಚ್ಚಲಿಗೆ ಏಳುತ್ತಾರೆ. ಶುಗರ್ ಇರಬಹುದು, ಪ್ರಾಸ್ಟೇಟ್ ಇರಬಹುದು ಅಂತ ಪರೀಕ್ಷೆಗಳೆಲ್ಲ ಆದವು. ಮುಚ್ಚಿದ ಗಂಟಲಿನೆದುರು ಎದೆ ಜಗ್ಗಿದಾಗ ಹೃದಯದ ಗೋಡೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ಹೃದಯ ತಪ್ಪು ತಿಳಿದು, ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುತ್ತದೆ. ತೊಂದರೆ ಗಂಟಲಲ್ಲಿ, ತಪಾಸಣೆ ಕೆಳಗೆ. ಬೆಳಿಗ್ಗೆ ಬಾಯಿ ಒಣಗಿ ತಲೆ ಭಾರ, ಮಧ್ಯಾಹ್ನ ಕಡತದ ಮೇಲೆ ತೂಕಡಿಕೆ, ಸಂಜೆ ಮನೆಯಲ್ಲಿ ಸಿಡಿಮಿಡಿ. ಹೃದಯದ ಬಡಿತ ತಾಳ ತಪ್ಪುವುದು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ ಎಲ್ಲ ಇದೇ ನೆಂಟಸ್ತಿಕೆಯವು.

ಪ್ರ: ಸರ್ಕಾರಿ ಕಚೇರಿಯಲ್ಲಿ ತೂಕಡಿಕೆಯನ್ನು ರೋಗವೆಂದು ಕಂಡುಹಿಡಿಯುವುದು ಕಷ್ಟ ಅಲ್ಲವೇ?

ಕಿ.ನಾ.: ಅದಕ್ಕೊಂದು ಪ್ರಶ್ನೆಪತ್ರಿಕೆ ಇದೆ. ಮೆಲ್ಬೋರ್ನಿನ ಮರ್ರೆ ಜಾನ್ಸ್ ಎಂಬ ವೈದ್ಯರು 1991ರಲ್ಲಿ ಮಾಡಿದ್ದು, ಎಪ್ವರ್ತ್ ಅಳತೆ ಅಂತ ಹೆಸರು. ಎಂಟು ಪ್ರಶ್ನೆ, ಒಟ್ಟು 24 ಅಂಕ, 10 ದಾಟಿದರೆ ವಿಚಾರಿಸಬೇಕು. ಟ್ರಾಫಿಕ್ಕಿನಲ್ಲಿ ಕೆಲವು ನಿಮಿಷ ಕಾರು ನಿಂತರೆ ತೂಕಡಿಕೆ ಬರುತ್ತದೆಯೇ ಅಂತ ಅದರಲ್ಲೊಂದು. ಪಾಪ, ಆ ಡಾಕ್ಟರು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿರಲಾರರು. ಅಲ್ಲಿ ಒಂದು ನಿದ್ದೆ ಮುಗಿಸಿ ಎದ್ದರೂ ಸಿಗ್ನಲ್ ಅದೇ ಇರುತ್ತದೆ. ಸಭೆಯಲ್ಲಿ ಸುಮ್ಮನೆ ಕೂತಾಗ ಮಂಪರು ಬರುತ್ತದೆಯೇ ಅಂತ ಇನ್ನೊಂದು. ಸ್ವಾಗತ ಭಾಷಣವೇ ಮುಕ್ಕಾಲು ಗಂಟೆ ನಡೆಯುವ ನಾಡಿನಲ್ಲಿ ಅದಕ್ಕೆ ಯಾರನ್ನು ದೂರುವುದು? ಆದರೆ ಎದುರಿಗೆ ಕೂತವರೊಡನೆ ಮಾತಾಡುತ್ತಾ ಆಡುತ್ತಾ ತೂಕಡಿಸಿದರೆ, ಅದು ಭಾಷಣಕಾರರ ತಪ್ಪಲ್ಲ.

ನಗುವುದು ಬಿಟ್ಟು ಹೇಳುತ್ತೇನೆ. ಡ್ರೈವಿಂಗ್ ಲೈಸೆನ್ಸಿಗೆ ನಮೂನೆ 1 ತುಂಬಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಮೂರ್ಛೆ ರೋಗ ಇದೆಯೇ, ಇರುಳುಗುರುಡು ಇದೆಯೇ ಅಂತ ಕೇಳುತ್ತಾರೆ. ರಾತ್ರಿ ಉಸಿರು ನಿಲ್ಲುತ್ತದೆಯೇ ಅಂತ ಹೆಸರಿಟ್ಟು ಯಾರೂ ಕೇಳುವುದಿಲ್ಲ. ನಸುಕಿನ ನಾಲ್ಕು ಗಂಟೆಗೆ ಹೆದ್ದಾರಿಯಲ್ಲಿ ಲಾರಿ ಓಡಿಸುವವನ ಗಂಟಲಲ್ಲೂ ನನ್ನಂಥವನೊಬ್ಬ ಇದ್ದಾನೆ. ಅವನನ್ನು ಕೇಳಿದವರಿಲ್ಲ.

ಪ್ರ: ನಿಮ್ಮನ್ನು ಕತ್ತರಿಸಿಬಿಟ್ಟರೆ ಸಮಸ್ಯೆ ಬಗೆಹರಿಯುತ್ತದೆ ಎನ್ನುವವರಿದ್ದಾರೆ.

ಕಿ.ನಾ.: (ನಡುಗುತ್ತಾ) 1981ನೇ ಇಸವಿ ನಮ್ಮ ಕುಲ ಮರೆಯುವುದಿಲ್ಲ. ಅಮೆರಿಕದಲ್ಲಿ ಫುಜಿತಾ ಎಂಬ ಸರ್ಜನ್ನರು ನನ್ನನ್ನೂ ಅಂಗುಳಿನ ಅಂಚನ್ನೂ ಕತ್ತರಿಸಿ ದಾರಿ ಅಗಲ ಮಾಡುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ್ದು ಆ ವರ್ಷ. ರಸ್ತೆ ಅಗಲೀಕರಣದಲ್ಲಿ ಮೊದಲು ಬಡವನ ಗೂಡಂಗಡಿ ತಾನೇ ಹೋಗುವುದು. ಕೆಲವರಿಗೆ ಅದರಿಂದ ಗುಣವಾಯಿತು. ಬಹಳ ಜನರಿಗೆ ಸದ್ದು ಹೋಯಿತು, ಉಸಿರುಗಟ್ಟುವುದು ಹೋಗಲಿಲ್ಲ. ಸಾಕ್ಷಿಯನ್ನು ಮುಗಿಸಿದರು, ಕೇಸು ಹಾಗೇ ಉಳಿಯಿತು. ಅದೇ ವರ್ಷ ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು ಯಾರನ್ನೂ ಕತ್ತರಿಸದೆ, ಮೂಗಿಗೆ ಮುಖವಾಡ ಹಾಕಿ ಗಾಳಿಯನ್ನು ಸ್ವಲ್ಪ ಒತ್ತಡದಲ್ಲಿ ಬಿಟ್ಟು ಗಂಟಲನ್ನು ತೆರೆದಿಡಬಹುದು ಎಂದು ತೋರಿಸಿದರು. ಅದಕ್ಕೆ ಮುಂಚೆ ಕಾಯಿಲೆ ಜೋರಾಗಿದ್ದವರಿಗೆ ಕೊರಳಲ್ಲೇ ತೂತು ಕೊರೆಯುತ್ತಿದ್ದರು. ಸಲಿವನ್ನರ ಆ ಯಂತ್ರವೇ ಸಿಪಾಪ್. ಅದರಲ್ಲಿ ಬರುವುದು ಮಾಮೂಲಿ ಗಾಳಿ. ಅದನ್ನು ನೋಡಿದ ನೆಂಟರು ಮಾತ್ರ "ಅಯ್ಯೋ, ಆಕ್ಸಿಜನ್ ಮೇಲಿದ್ದಾರಂತೆ" ಎಂದು ಊರೆಲ್ಲ ಹಬ್ಬಿಸುತ್ತಾರೆ.

ಪ್ರ: ಮುಖವಾಡ ಹಾಕಿಕೊಂಡು ಮಲಗುವುದಕ್ಕೆ ಯಾರು ಒಪ್ಪುತ್ತಾರೆ?

ಕಿ.ನಾ.: ಮೊದಲ ವಾರ ಯಾರೂ ಒಪ್ಪುವುದಿಲ್ಲ. ಕೊಂಡು ತಂದು ಅಟ್ಟದ ಮೇಲೆ ಇಟ್ಟವರೂ ಇದ್ದಾರೆ, ಅಲ್ಲಿ ಅದರ ಪಕ್ಕದಲ್ಲೇ ವ್ಯಾಯಾಮದ ಸೈಕಲ್ಲೂ ಇರುತ್ತದೆ. ಮುಖಕ್ಕೆ ಸರಿಹೊಂದುವ ಅಳತೆಯದು ಸಿಕ್ಕಿ, ಒಂದೆರಡು ವಾರ ತಾಳಿಕೊಂಡರೆ ಬಹಳ ಜನ ಬಿಡುವುದೇ ಇಲ್ಲ. ತೂಕ ಇಳಿಸಿದರೆ ಖಂಡಿತ ಉಪಯೋಗ. ಮಗ್ಗುಲಾಗಿ ಮಲಗುವುದು, ರಾತ್ರಿ ಕುಡಿಯದಿರುವುದು, ತಾನಾಗಿ ನಿದ್ದೆ ಮಾತ್ರೆ ತೆಗೆದುಕೊಳ್ಳದಿರುವುದು, ಇವೂ ಬೇಕು. ದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಅಚ್ಚೂ ಇದೆ. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಬೊಜ್ಜಿರುವ ಅಪ್ನಿಯಾ ರೋಗಿಗಳಿಗೆ ಕೊಡಬಹುದೆಂದು 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಜೈಪುರದ ವೈದ್ಯರು ರೋಗಿಗಳಿಂದ ಆರು ತಿಂಗಳು ಶಂಖ ಊದಿಸಿ ನೋಡಿ 2025ರಲ್ಲಿ ಪ್ರಕಟಿಸಿದರು, ಗಂಟಲಿನ ಸ್ನಾಯು ಗಟ್ಟಿಯಾಗಿ ಸ್ವಲ್ಪ ಗುಣ ಕಂಡಿತಂತೆ. ನೋಡಿದ್ದು 30 ಜನರನ್ನು ಅಷ್ಟೇ, ಯಂತ್ರ ಬಿಸಾಡಿ ಜಾಗಟೆ ಹಿಡಿದು ಹೊರಡಬೇಡಿ. ಆದರೂ ನಮ್ಮ ದಾಸಯ್ಯನವರಿಗೆ ಇಷ್ಟು ದಿನ ಯಾರೂ ಹೇಳದಿದ್ದ ಲಾಭ ಇದು. ಶಂಖದಿಂದ ಬಂದರೇ ಚಿಕಿತ್ಸೆ!

ಪ್ರ: ಇದು ದಪ್ಪಗಿರುವ ಗಂಡಸರ ಕಾಯಿಲೆ ತಾನೇ?

ಕಿ.ನಾ.: ಆ ನಂಬಿಕೆಯಿಂದಲೇ ಎಷ್ಟೋ ಜನ ಸಿಕ್ಕಿಬೀಳದೆ ಉಳಿದಿದ್ದಾರೆ. ದವಡೆ ಚಿಕ್ಕದಿದ್ದರೆ ತೆಳ್ಳಗಿದ್ದವರಿಗೂ ಬರುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಹೆಚ್ಚು. ಅವರು "ಸುಸ್ತು, ನಿದ್ದೆ ಬರಲ್ಲ" ಎಂದರೆ ಡಾಕ್ಟರು ಟಾನಿಕ್ ಬರೆದು ಕಳಿಸುತ್ತಾರೆ. ಮಕ್ಕಳಲ್ಲಿ ಟಾನ್ಸಿಲ್, ಅಡಿನಾಯ್ಡ್ ಊದಿ ಬರುತ್ತದೆ. ಆ ಮಗು ತೂಕಡಿಸುವುದಿಲ್ಲ, ತರಗತಿಯಲ್ಲಿ ಕೂತಲ್ಲಿ ಕೂರದೆ ಹಾರಾಡುತ್ತದೆ, ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ದಿಲ್ಲಿಯ ಏಮ್ಸ್ ವೈದ್ಯರು 2023ರಲ್ಲಿ ಹಾಕಿದ ಲೆಕ್ಕದ ಪ್ರಕಾರ ದೇಶದಲ್ಲಿ ದುಡಿಯುವ ವಯಸ್ಸಿನ ಸುಮಾರು 10 ಕೋಟಿ 40 ಲಕ್ಷ ಜನರಿಗೆ ಇದು ಇದೆ. 'ಆಫ್ರಿಕಾದಲ್ಲಿ ಶೀಲಾ' ಸಿನಿಮಾಕ್ಕೆ ಸಂಗೀತ ಕೊಟ್ಟ ಬಪ್ಪಿ ಲಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣದಲ್ಲಿ ಈ ಅಪ್ನಿಯಾದ ಹೆಸರಿತ್ತು. ಆಗ ಒಂದು ವಾರ ಟಿ.ವಿ.ಯವರಿಗೆಲ್ಲ ನಮ್ಮ ನೆನಪಾಯಿತು.

ಪ್ರ: ಸುಪ್ರೀಂ ಕೋರ್ಟು ನಿದ್ದೆಯನ್ನೂ ಮೂಲಭೂತ ಹಕ್ಕು ಅಂದಿದೆಯಲ್ಲ?

ಕಿ.ನಾ.: ಹೌದು, 2012ರಲ್ಲಿ, ರಾಮಲೀಲಾ ಮೈದಾನದ ಪ್ರಕರಣದಲ್ಲಿ. ಮಲಗಿದ್ದವರನ್ನು ನಡುರಾತ್ರಿ ಪೊಲೀಸರು ಎಬ್ಬಿಸಿದ್ದಕ್ಕೆ ಬಂದ ತೀರ್ಪು. ಇವರನ್ನು ಗಂಟೆಗೆ ಮೂವತ್ತು ಸಲ ನಾವೇ ಎಬ್ಬಿಸುತ್ತೇವೆ. ನಮ್ಮ ಮೇಲೆ ರಿಟ್ ಅರ್ಜಿ ಹಾಕುವವರು ಯಾರು?

ಪ್ರ: ಕೊನೆಯ ಪ್ರಶ್ನೆ. ನಿಮ್ಮ ಯಜಮಾನರಿಗೆ ಇದನ್ನೆಲ್ಲ ಹೇಳುವುದು ಹೇಗೆ?

ಕಿ.ನಾ.: ಅವರನ್ನು ಕೇಳಿ ಪ್ರಯೋಜನವಿಲ್ಲ, ಅವರು ಈ ಕಾರ್ಯಕ್ರಮಕ್ಕೆ ಒಂದು ದಿನವೂ ಎಚ್ಚರವಾಗಿ ಹಾಜರಾದವರಲ್ಲ. ಅವರ ಹೆಂಡತಿ ಕೆಳಗೆ ಹೆಂಗಸರ ಹಾಲಿನಲ್ಲಿದ್ದಾರೆ, ಎಷ್ಟೋ ವರ್ಷದ ಮೇಲೆ ಇವತ್ತು ನೆಮ್ಮದಿಯಾಗಿ ಮಲಗಿದ್ದಾರೆ. "ಉಸಿರು ನಿಂತೇಹೋಯಿತೇನೋ ಅಂತ ಎದೆ ಮುಟ್ಟಿ ನೋಡ್ತೀನಿ" ಅಂತ ಆಕೆ ಹೇಳಿದಾಗೆಲ್ಲ ಇವರು ನಕ್ಕು ಹಾರಿಸಿದ್ದಾರೆ. ಪುರಾವೆಯೆಲ್ಲ ಆಕೆಯ ಹತ್ತಿರವೇ ಇದೆ. ಮನೆಯಲ್ಲಿ ಇಂಥವರಿದ್ದರೆ ರಾತ್ರಿ ಮೊಬೈಲಿನಲ್ಲಿ ಹತ್ತು ನಿಮಿಷ ವಿಡಿಯೊ ಮಾಡಿ. ಗೊರಕೆಯನ್ನು ಬಿಡಿ, ನಡುವೆ ಸದ್ದು ನಿಲ್ಲುತ್ತದಲ್ಲ, ಅದನ್ನು ಸೆಕೆಂಡು ಲೆಕ್ಕದಲ್ಲಿ ಎಣಿಸಿ. ಹತ್ತು ದಾಟಿದರೆ, ಮತ್ತೆ ಮತ್ತೆ ಹಾಗಾದರೆ, ಶ್ವಾಸಕೋಶದ ವೈದ್ಯರಿಗೋ ಕಿವಿ-ಮೂಗು-ಗಂಟಲಿನವರಿಗೋ ತೋರಿಸಿ. ಬೆರಳಿಗೊಂದು ಕ್ಲಿಪ್ಪು, ಎದೆಗೊಂದು ಪಟ್ಟಿ, ಮೂಗಿಗೊಂದು ಸಣ್ಣ ನಳಿಕೆ ಹಾಕಿಕೊಂಡು ಒಂದು ರಾತ್ರಿ ಮಲಗಿದರೆ ಪರೀಕ್ಷೆ ಮುಗಿಯಿತು. ಈಗ ಅದು ಮನೆಯಲ್ಲೂ ಆಗುತ್ತದೆ. ಡಾಕ್ಟರ ಬಳಿಗೆ ಇವರೊಬ್ಬರೇ ಹೋಗದಿರಲಿ, ಜೊತೆಗೆ ಹೆಂಡತಿಯೂ ಹೋಗಲಿ. ಅಲ್ಲಿ ಆಕೆ ಮಾತಾಡುವಾಗ ಇವರು ಮಧ್ಯೆ ಬಾಯಿ ಹಾಕದಂತೆ ಮಾತ್ರ ನೋಡಿಕೊಳ್ಳಿ.