ಚಾದರವೀರನ ಕಾಲ, ದೇಶ, ಭಾಷಾ ವಿಚಾರ

ಕನ್ನಡ ಸಂಶೋಧನೆಯಲ್ಲಿ ಕವಿಯೊಬ್ಬ ಸಿಕ್ಕೊಡನೆ ಅವನ ಕಾಲ ಯಾವುದು, ದೇಶ ಯಾವುದು, ಮತ ಯಾವುದು ಎಂದು ವಿಚಾರಿಸುವುದು ವಾಡಿಕೆ. ಈ ಮೂರೂ ತೀರ್ಮಾನವಾಗಿ ಆಯುಷ್ಯ ಉಳಿದಿದ್ದರೆ ಕಾವ್ಯವನ್ನೂ ಓದಬಹುದು. ಪ್ರಸ್ತುತ ಪ್ರಬಂಧ ಆ ಹಿರಿಯರ ಹಾದಿಯನ್ನೇ ಹಿಡಿದಿದೆ. ಚರ್ಚೆಗೆತ್ತಿಕೊಂಡ ಕೃತಿ ‘ಚಾದರವೀರ ಮತ್ತು ಡೈನೋಸಾರ್ ಕಾಡು’. ಕವಿ ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಐದನೆಯ ಇಯತ್ತೆ ಓದುತ್ತಿದ್ದಾನೆ. ಸಂಬಂಧದಲ್ಲಿ ನನ್ನ ಅಕ್ಕನ ಮಗ. ಇದರಿಂದ ನನ್ನ ನಿಷ್ಪಕ್ಷಪಾತಕ್ಕೆ ಬಾಧೆಯೇನೂ ಬಂದಿಲ್ಲ. ಮಹಾಕವಿಗಳು ಸಾಮಾನ್ಯವಾಗಿ ಸಂಶೋಧಕರ ಊರಿನಲ್ಲೇ ಹುಟ್ಟುತ್ತಾರೆಂಬುದು ಸರ್ವವಿದಿತ.

ಉಪಲಬ್ಧವಿರುವ ಹಸ್ತಪ್ರತಿ ಒಂದೇ. ಅದು ಗಣಿತದ ವಹಿ. ಮುಂದಿನಿಂದ ಭಿನ್ನರಾಶಿ, ಹಿಂದಿನಿಂದ ಕಾಮಿಕ್ಸ್. ಎರಡೂ ಶಾಸ್ತ್ರಗಳು ಎದುರುಬದುರಾಗಿ ಸಾಗಿ ನಡುವಿನ ಹಾಳೆಯಲ್ಲಿ ಭೇಟಿಯಾಗುತ್ತವೆ. ಅಲ್ಲಿ ಡೈನೋಸಾರಿನ ಬಾಲ ಒಂದು ಛೇದದ ಮೇಲೆ ಬಿದ್ದು ಉತ್ತರ ತಪ್ಪಿದೆ. ಹಾಳೆಗಳಿಗೆ ಶೇಂಗಾ ಚಟ್ನಿಯ ಎಣ್ಣೆ ಹಿಡಿದಿರುವುದರಿಂದ ಒಂದು ಪುಟ ಓದುವಾಗ ಮುಂದಿನ ಪುಟವೂ ಕಾಣಿಸುತ್ತದೆ, ಕಥೆಯ ಕುತೂಹಲಕ್ಕೆ ಅಷ್ಟು ಹಾನಿ. ಕೃತಿಗೆ ಕೆಂಪು ಮಸಿಯಲ್ಲಿ ಬರೆದ ಪ್ರಾಚೀನ ವ್ಯಾಖ್ಯಾನವೊಂದೂ ಇದೆ. ವ್ಯಾಖ್ಯಾನಕಾರರು ಕವಿಯ ಗುರುಗಳೇ. ಮೊದಲ ಪುಟದಲ್ಲಿ ‘ಇದೇನು?’, ನಾಲ್ಕನೆಯದರಲ್ಲಿ ‘ಇದೇನಿದು?’, ಒಂಬತ್ತನೆಯದರಲ್ಲಿ ‘ಪಾಲಕರನ್ನು ಕರೆದುಕೊಂಡು ಬಾ’. ಮೂಲದೊಳಕ್ಕೆ ಹೀಗೆ ಹಂತಹಂತವಾಗಿ ಇಳಿದು ಕೊನೆಗೆ ಕವಿಯ ವಂಶವಿಚಾರಕ್ಕೆ ಕೈಹಾಕಿದ ಟೀಕೆ ನಮ್ಮಲ್ಲಿ ವಿರಳ.

ಕಥಾಸಾರ ಇಂತಿದೆ. ನಾಯಕ ಅಕ್ಕಲಕೋಟದ ಎಸ್‌ಟಿ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಕೆಂಪು ಬಸ್ಸು ಹತ್ತುತ್ತಾನೆ. ಹೆಗಲ ಮೇಲೆ ಚಾದರ, ಕೈಯಲ್ಲಿ ಅವ್ವ ಕಟ್ಟಿದ ಬುತ್ತಿ. ವಳಸಂಗ ದಾಟಿದ ಮೇಲೆ ಜೊಂಪು ಹತ್ತುತ್ತದೆ. ಕಣ್ಣುಬಿಟ್ಟರೆ ಬಸ್ಸು 6.6 ಕೋಟಿ ವರ್ಷ ಹಿಂದಿನ ಮಾಳದಲ್ಲಿ ನಿಂತಿದೆ. ಕಂಡಕ್ಟರ್ ‘ಉತರಾ, ಶೇವಟಚಾ ಸ್ಟಾಪ್’ ಎನ್ನುತ್ತಿದ್ದಾನೆ. ಊರಿದ್ದಲ್ಲೆಲ್ಲ ಎಸ್‌ಟಿ ಎಂಬುದು ಮಹಾರಾಷ್ಟ್ರದ ಆ ಸಾರಿಗೆ ಸಂಸ್ಥೆಯ ಹಳೆಯ ಘೋಷಣೆ. ಊರೇ ಹುಟ್ಟಿರದ ಕಾಲಕ್ಕೂ ಅದನ್ನು ಮುಟ್ಟಿಸಿದ ಕೀರ್ತಿ ನಮ್ಮ ಕವಿಯದು. ಇಳಿದ ಕೂಡಲೇ ಹಲ್ಲಿನ ಡೈನೋಸಾರೊಂದು ಅಡ್ಡಗಟ್ಟಿ, ‘ಕಾಯ ರೇ, ಕುಠೇ ಚಾಲ್ಲಾಸ?’ ಎಂದು ಕೇಳುತ್ತದೆ. ನಾಯಕ ‘ನಿಮ್ಮ ಕಡೀನ ಬಂದೀನ್ರಿ’ ಎಂದು ಬುತ್ತಿಯೊಳಗಿನ ಕಟಕ ರೊಟ್ಟಿಯನ್ನು ಬೀಸಿ ಒಗೆಯುತ್ತಾನೆ. ಮುಂದಿನ ಚೌಕದಲ್ಲಿ ಹಲ್ಲುಗಳು ಮಾತ್ರ ಇವೆ. ಆಮೇಲೆ ಜ್ವಾಲಾಮುಖಿ, ಆಮೇಲೆ ಆಕಾಶದಿಂದ ಉರಿಯುವ ಕಲ್ಲು. ಅಲ್ಲಿಗೆ ಪ್ರತಿ ತುಂಡಾಗಿದೆ.

ಇಷ್ಟು ಓದಿದವರು ‘ಇದೆಲ್ಲ ಪರದೇಶದ ಅನುಕರಣೆ’ ಎನ್ನದೆ ಬಿಡುವುದಿಲ್ಲ. ಲೀ ಫಾಕ್ 1936ರ ಫೆಬ್ರುವರಿಯಲ್ಲಿ ಫ್ಯಾಂಟಮ್‌ನನ್ನು ಪತ್ರಿಕೆಗಿಳಿಸಿದ್ದು ನಿಜ. 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಅವನನ್ನೇ ಮುಂದಿಟ್ಟುಕೊಂಡು ಶುರುವಾಯಿತು. ಗಡಿಯ ಆಚೆ ಮರಾಠಿ ಹುಡುಗರಿಗೆ ಅವನು ವೇತಾಳನಾದ, ಈಚೆ ನಾವು ‘ಸುಧಾ’ ಬಂದ ದಿನ ಮೊದಲು ಅವನ ಪುಟ ಹುಡುಕಿ ತೆಗೆಯುತ್ತಿದ್ದೆವು. ಅವನ ಈಡನ್ ದ್ವೀಪದಲ್ಲಿ ಸ್ಟೆಗಿ ಎಂಬ ಸಾಕು ಸ್ಟೆಗೋಸಾರಸ್ ಇದೆ. ಅಲ್ಲಿನ ಹುಲಿಗಳಿಗೆ ಮೀನು ತಿನ್ನುವ ರೂಢಿ ಮಾಡಿಸಿ ಜಿಂಕೆಗಳ ಜೊತೆ ಬಾಳಿಸಿದ್ದಾರೆ. 1965ರಲ್ಲಿ ಎಕ್ಸ್-ಮೆನ್ ತಂಡದವರು ಅಂಟಾರ್ಕ್ಟಿಕದ ಹಿಮದ ನಡುವೆ ಡೈನೋಸಾರುಗಳ ಕಾಡನ್ನೇ ಕಂಡರು. ಇನ್ನು ‘ಬಾಲಮಂಗಳ’ದ ಡಿಂಗನಂತೂ ಪಂಕಿಲ ಕಾಡಿನ ಇಲಿ, ಅನ್ಯಗ್ರಹದವರ ಪ್ರಯೋಗಕ್ಕೆ ಸಿಕ್ಕಿ ಬಲ ಪಡೆದವನು. ಇವರೆಲ್ಲರನ್ನೂ ಒಪ್ಪೋಣ. ಆದರೆ ಒಬ್ಬನಾದರೂ ಬುತ್ತಿ ಕಟ್ಟಿಕೊಂಡು ಹೊರಟಿದ್ದಾನೆಯೇ?

ಮುಖ್ಯ ಪ್ರಮಾಣವಿರುವುದು ಹೆಗಲ ಮೇಲಿನ ಬಟ್ಟೆಯಲ್ಲಿ. ಸೂಪರ್‌ಮ್ಯಾನ್ ಹೆಗಲಿಗೆ ಕೆಂಪು ಬಟ್ಟೆ ಇಳಿಬಿಟ್ಟುಕೊಂಡು ಅಂಗಡಿಗೆ ಬಂದದ್ದು 1938ರಲ್ಲಿ. ಸೊಲ್ಲಾಪುರದ ಬಟ್ಟೆ ಗಿರಣಿ ‘ಜುನಿ ಮಿಲ್’ ಶುರುವಾದದ್ದು 1877ರಲ್ಲಿ. ಅಂದರೆ ಬಟ್ಟೆ ತಯಾರಾಗಿ 61 ವರ್ಷವಾದ ಮೇಲೆ ವೀರ ಹುಟ್ಟಿದ. ಯಾರಿಂದ ಯಾರು ಪಡೆದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ವೀರರಿಗೆ ಆ ಬಟ್ಟೆ ಗಾಳಿಗೆ ಹಾರಿಸುವುದಕ್ಕೆ ಬಿಟ್ಟರೆ ಇನ್ನಾವುದಕ್ಕೂ ಒದಗಿದಂತಿಲ್ಲ. ನಮ್ಮ ನಾಯಕ ಜಕಾರ್ಡ್ ಮಗ್ಗದಲ್ಲಿ ನೇಯ್ದ ಚಾದರವನ್ನು ಮೂರನೆಯ ಪುಟದಲ್ಲಿ ಹೊದ್ದುಕೊಳ್ಳುತ್ತಾನೆ, ಐದರಲ್ಲಿ ಹಾಸಿಕೊಳ್ಳುತ್ತಾನೆ, ಆರರಲ್ಲಿ ಅದರೊಳಗೆ ಅಡಗುತ್ತಾನೆ, ಏಳರಲ್ಲಿ ಉದ್ದಗತ್ತಿನ ಡೈನೋಸಾರಿನ ಬೆನ್ನ ಮೇಲೆ ದೂರದಿಂದಲೇ ಅದನ್ನು ಎಸೆದು ಜಾಗ ಹಿಡಿಯುತ್ತಾನೆ. ಬಸ್ಸಿನ ಕಿಟಕಿಯಿಂದ ಟಾವೆಲ್ ಒಗೆದು ಸೀಟು ಹಿಡಿದ ಅನುಭವವಿಲ್ಲದ ಕವಿಗೆ ಈ ಕಲ್ಪನೆ ಸಾಧ್ಯವಿರಲಿಲ್ಲ. ಅದೇ ಚಿತ್ರದಲ್ಲಿ ಡೈನೋಸಾರಿನ ಕತ್ತು ಸೊಲ್ಲಾಪುರದ ಗಡ್ಡಾ ಜಾತ್ರೆಯ ನಂದಿಕೋಲಿನಷ್ಟು ನೆಟ್ಟಗಿದೆ, ತುದಿಗೆ ಬಾಸಿಂಗವನ್ನೂ ಕಟ್ಟಲಾಗಿದೆ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಏಳು ನಂದಿಕೋಲುಗಳನ್ನು ಅಪ್ಪನ ಹೆಗಲ ಮೇಲಿಂದ ನೋಡಿದ ಹುಡುಗನಿಗೆ ಎತ್ತರವೆಂದರೆ ಅದೇ.

ಇನ್ನು ದೇಶವಿಚಾರ. ಟಾರ್ಜಾನ್ ಪಂಥದ ವಿಮರ್ಶಕರ ಆಕ್ಷೇಪ ಇಲ್ಲಿದೆ: ‘ಕಾಡು ಎಂದು ಹೆಸರಿಟ್ಟು ಒಂದೂ ಮರ ಬಿಡಿಸಿಲ್ಲ, ನಾಯಕ ಯಾವ ಬಳ್ಳಿ ಹಿಡಿದು ಜೋಲಬೇಕು?’ ಕೃತಿಯಲ್ಲಿ ಇರುವುದು ಎರಡು ಜಾಲಿಗಿಡ, ಉಳಿದದ್ದು ಹುಲ್ಲು. ಜಾಲಿಗಿಡದಿಂದ ಜೋತಾಡಲು ಹೋದ ವೀರನ ಚಡ್ಡಿಯ ಗತಿಯನ್ನು ಕವಿ ಒಂದು ಚೌಕದಲ್ಲಿ ಮುಚ್ಚುಮರೆಯಿಲ್ಲದೆ ತೋರಿಸಿದ್ದಾನೆ. ಮಳೆನೆರಳಿನ ಸೊಲ್ಲಾಪುರ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಅರಣ್ಯವೆಂದರೆ ನಾನ್ನಜದ ಹುಲ್ಲುಗಾವಲು. 1979ರಲ್ಲಿ ಅಲ್ಲಿನ ಮಾಳಢೋಕ ಹಕ್ಕಿಗಾಗಿ ಸರಕಾರ ಅಭಯಾರಣ್ಯ ಘೋಷಿಸಿತು, ವಿಸ್ತಾರ 8,496 ಚದರ ಕಿಲೋಮೀಟರ್. ಹೊಲ, ಊರು, ರಸ್ತೆ ಎಲ್ಲವೂ ಅಭಯ ಪಡೆದವು, ಹಕ್ಕಿ ಮಾತ್ರ ಕಡಿಮೆಯಾಗುತ್ತ ಬಂತು. ಕಡೆಗೆ ಅಭಯವನ್ನೂ 1,222 ಚದರ ಕಿಲೋಮೀಟರಿಗೆ ಇಳಿಸಿದರು. ನಮ್ಮವರು ಎರೆಭೂತವೆಂದು ಕರೆಯುವ ಆ ಹಕ್ಕಿಯ ಗಂಡು 15 ಕಿಲೋದವರೆಗೆ ತೂಗುತ್ತದೆ. ಹಕ್ಕಿಗಳೆಲ್ಲ ಡೈನೋಸಾರುಗಳ ಸಂತಾನವೆಂದು ಶಾಸ್ತ್ರಜ್ಞರು ಒಪ್ಪಿರುವಾಗ, ಸೊಲ್ಲಾಪುರದಲ್ಲಿ ಡೈನೋಸಾರುಗಳಿಗೆ ಗೆಜೆಟ್ ಮೂಲಕ ಜಾಗ ಕೊಟ್ಟು ಆಮೇಲೆ ಕಿತ್ತುಕೊಂಡರೆಂದು ಹೇಳಲು ಅಡ್ಡಿಯಿಲ್ಲ.

‘ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ’ ಎಂಬ ಎರಡನೆಯ ಆಕ್ಷೇಪ ಒಂದು ಕಾಲಕ್ಕೆ ಪ್ರಬಲವಾಗಿತ್ತು. ಅದನ್ನು ಮುರಿದದ್ದು ಸಗಣಿ. ಇದೇ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ಕಲ್ಲಾಗಿ ಉಳಿದ ಡೈನೋಸಾರ್ ಲದ್ದಿಯನ್ನು ವಂದನಾ ಪ್ರಸಾದ್ ಮತ್ತು ಸಂಗಡಿಗರು ಪರೀಕ್ಷಿಸಿ, ಅದರೊಳಗೆ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳಿವೆಯೆಂದು 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ಪಠ್ಯಪುಸ್ತಕಗಳು ತಿದ್ದುಪಡಿಯಾದವು. ಆ ಲದ್ದಿಯಲ್ಲಿ ಹುಲ್ಲಿಗಿಂತ ತಾಳೆ, ಸೂಚಿಪರ್ಣಿ ಮುಂತಾದ ಮರಗಿಡಗಳ ಪಾಲೇ ಹೆಚ್ಚು ಎಂದೂ ಅವರು ಬರೆದಿದ್ದಾರೆ. ಆ ಭಾಗವನ್ನು ವಿಸ್ತರಿಸುವ ಅಗತ್ಯ ನನ್ನ ಪ್ರಬಂಧಕ್ಕೆ ಕಂಡುಬಂದಿಲ್ಲ.

ಜ್ವಾಲಾಮುಖಿಯ ಪ್ರಕರಣ ಕೃತಿಯ ಶಿಖರ. ಕವಿ ಲಾವಾರಸಕ್ಕೆ ಕೆಂಪು ಸ್ಕೆಚ್‌ಪೆನ್ನನ್ನು ಒತ್ತಿ ಒತ್ತಿ ತೀಡಿದ್ದರಿಂದ ಅದು ಮುಂದಿನ ಮೂರು ಹಾಳೆಗೂ ಇಳಿದಿದೆ. ಅಜಾಗರೂಕತೆ ಎಂದವರು ಭೂವಿಜ್ಞಾನ ಅರಿಯರು. ದಖ್ಖನ್ನಿನ ಲಾವಾ ಒಂದೇ ಸಲಕ್ಕೆ ಬಂದದ್ದಲ್ಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದು, ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಹೆಪ್ಪುಗಟ್ಟಿ ಕೂತಿದೆ. ಸೊಲ್ಲಾಪುರ, ಅಕ್ಕಲಕೋಟಗಳ ಅಡಿಗಲ್ಲು ಅದೇ. ಆ ಕಪ್ಪುಕಲ್ಲು ಸವೆದು ಎರೆಮಣ್ಣಾಯಿತು, ಎರೆಯಲ್ಲಿ ಮಾಲದಂಡಿ ಜೋಳ ಬೆಳೆಯಿತು, ಜೋಳ ಅವ್ವನ ಕೈಯಲ್ಲಿ ಕಟಕ ರೊಟ್ಟಿಯಾಯಿತು. ಆ ರೊಟ್ಟಿಯನ್ನು ನಾಯಕ ಬೀಸಿ ಒಗೆದದ್ದು ಎಲ್ಲಿ ನಿಂತು? ಇನ್ನೂ ಕುದಿಯುತ್ತಿರುವ ಅದೇ ಲಾವಾದ ದಂಡೆಯಲ್ಲಿ! ಹೊಲ ಇನ್ನೂ ಹರಿಯುತ್ತಿರುವಾಗಲೇ ಅದರ ಫಸಲು ಬುತ್ತಿಗೆ ಬಂದಿದೆ. ಈ ವಿರೋಧಾಭಾಸದ ಮುಂದೆ ಸಾಪೇಕ್ಷತಾ ಸಿದ್ಧಾಂತ ಮೌನ ವಹಿಸಿದೆ. ಕವಿಯನ್ನೇ ಕೇಳಿದೆ. ‘ಮಾಮಾ, ರೊಟ್ಟಿ ಎಷ್ಟ ದಿನಾ ಆದ್ರೂ ಕೆಡೂದಿಲ್ಲಲ್ಲ, ಅದಕ್ಕ’ ಎಂದ. ಪೂರ್ವಕ್ಕೂ ಉತ್ತರಕ್ಕೂ ಸಮನಾಗಿ ಬಾಳುವ ಆಹಾರ ಎಂದು ಇದರ ತಾತ್ಪರ್ಯ.

ಕಾಲವಿಚಾರದಲ್ಲಿ ಒಂದೇ ತೊಡಕು. ಡೈನೋಸಾರ್ ಇದ್ದಾಗ ಮನುಷ್ಯನಿರಲಿಲ್ಲ. ನಮ್ಮ ನೆರೆಯಲ್ಲಿ ಸಿಕ್ಕ ಅತಿ ಹಳೆಯ ಮನುಷ್ಯನ ಗುರುತೆಂದರೆ ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನ ಇಸಾಂಪುರ. ಕೆ. ಪದ್ದಯ್ಯನವರು ಅಗೆದು ತೆಗೆದ ಆ ಸುಣ್ಣಕಲ್ಲಿನ ಕೈಕೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ. ಹಾಗಾದರೆ ನಾಯಕನಿಗೂ ಖಳನಾಯಕನಿಗೂ ನಡುವೆ ಆರೂವರೆ ಕೋಟಿ ವರ್ಷ ಕಡಿಮೆ ಬೀಳುತ್ತದೆ. ದೂರದವರಿಗೆ ಇದು ದೊಡ್ಡ ಅಂಕಿ. ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಬರೆದದ್ದು ಜಾರಿಯಾದೀತೆಂದು ಅಜ್ಜ, ಅಪ್ಪ, ಮೊಮ್ಮಗ ಮೂವರೂ ಕಾಯುತ್ತ ಬಂದ ತಾಲೂಕಿಗೆ ಅದೇನು ಮಹಾ?

ಕವಿಯ ಮತದ ಬಗ್ಗೆ ಪ್ರಶ್ನೆಯಿಲ್ಲ, ಅವನಿಗಿನ್ನೂ ಮತದಾನದ ವಯಸ್ಸಾಗಿಲ್ಲ. ಕಷ್ಟವಿರುವುದು ಭಾಷೆಯಲ್ಲಿ. ಡೈನೋಸಾರ್ ಮರಾಠಿ ಆಡುತ್ತದೆ, ನಾಯಕ ಕನ್ನಡ. ಗಡಿಯ ವಿದ್ವಾಂಸರಲ್ಲಿ ಒಂದು ಪಕ್ಷ, ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ 1018ರ ಮರಾಠಿ ಶಾಸನವೇ ಇರುವಾಗ ಡೈನೋಸಾರ್ ಮೂಲನಿವಾಸಿ, ನಾಯಕ ವಲಸೆಗಾರ ಎನ್ನಬಹುದು. ಇನ್ನೊಂದು ಪಕ್ಷ, ಸೊನ್ನಲಿಗೆಯ ಸಿದ್ಧರಾಮ 12ನೆಯ ಶತಮಾನದಲ್ಲೇ ಈ ನೆಲದಲ್ಲಿ ಕೆರೆ ಕಟ್ಟಿಸಿ ಕನ್ನಡದಲ್ಲಿ ವಚನ ನುಡಿದನು, ‘ಕವಿರಾಜಮಾರ್ಗ’ ಕನ್ನಡನಾಡನ್ನು ಗೋದಾವರಿಯವರೆಗೆ ಒಯ್ದಿದೆ, ಆದ್ದರಿಂದ ಡೈನೋಸಾರೇ ಬಾಡಿಗೆದಾರ ಎನ್ನಬಹುದು. 2003ರಲ್ಲಿ ಹೆಸರು ಪಡೆದ ಭಾರತದ ಮಾಂಸಾಹಾರಿ ‘ರಾಜಾಸಾರಸ್ ನರ್ಮದೆನ್ಸಿಸ್’ ನರ್ಮದೆಯ ಹೆಸರು ಹೊತ್ತು ಗುಜರಾತಿನಲ್ಲೇ ಉಳಿದಿದೆ. ಹರ್ಷನನ್ನು ನರ್ಮದೆಯಲ್ಲಿ ತಡೆದ ಇಮ್ಮಡಿ ಪುಲಕೇಶಿ ಅದನ್ನೂ ತಡೆದಿರಬೇಕೆಂದು ಈ ಎರಡನೆಯ ಪಕ್ಷಕ್ಕೆ ನಾನು ಉಚಿತವಾಗಿ ಸೂಚಿಸುತ್ತೇನೆ. ಗಡಿಗಲ್ಲು ನೆಡದೆ ಎರಡೂ ಕಡೆ ಹರಿದುಬಿಟ್ಟ ಲಾವಾದ ಬೇಜವಾಬ್ದಾರಿಯನ್ನು ಮಾತ್ರ ಎರಡೂ ಪಕ್ಷಗಳು ಖಂಡಿಸಬೇಕು. ಕವಿಗೆ ಇದಾವುದೂ ತೊಡಕಾಗಿಲ್ಲ. ಅವನ ನಾಯಕ ಅವ್ವನ ಜೊತೆ ಕನ್ನಡ, ಕಂಡಕ್ಟರನ ಜೊತೆ ಮರಾಠಿ ಆಡುತ್ತಾನೆ. ಚಾದರ ಕೊಳ್ಳುವಾಗ ಪದ್ಮಶಾಲಿ ನೇಕಾರರ ತೆಲುಗಿನಲ್ಲಿ ಚೌಕಾಶಿ ಮಾಡಿ ಎರಡು ರೂಪಾಯಿ ಇಳಿಸುತ್ತಾನೆ. ಅತಿಮಾನುಷ ಶಕ್ತಿ ಎಂದು ಕೃತಿಯಲ್ಲಿ ಕಾಣುವುದು ಇದೊಂದೇ.

ಕೊನೆಯ ಚಿತ್ರದಲ್ಲಿ ಬಾಹ್ಯಾಕಾಶದ ಕಲ್ಲು ಬೀಳುತ್ತಿದೆ. ನಿಜವಾದ ಕಲ್ಲು ಬಿದ್ದದ್ದು ಮೆಕ್ಸಿಕೋದ ಚಿಕ್ಸುಲೂಬಿನಲ್ಲಿ. ಕವಿಯ ಕಲ್ಲು ಬೀಳುವುದು ಸೊಲ್ಲಾಪುರದ ಹೋಮ ಮೈದಾನದ ಮೇಲೆ, ಗಡ್ಡಾ ಜಾತ್ರೆಯ ಮದ್ದುಸುಡುವ ರಾತ್ರಿ, ಬಣ್ಣಬಣ್ಣವಾಗಿ. ಡೈನೋಸಾರುಗಳು ತಲೆಯೆತ್ತಿ ನೋಡುತ್ತ ಚಪ್ಪಾಳೆ ಹೊಡೆಯುತ್ತಿವೆ. ಮೂಲೆಯಲ್ಲಿ ‘ಮುಂದಿನ ವಾರ’ ಎಂದಿದೆ. ಆ ವಾರ ಯಾವುದೆಂದು ವಿಚಾರಿಸಲಾಗಿ, ಹೊಸ ವಹಿ ಇಲ್ಲದೆ ಕಥೆ ಮುಂದುವರಿಯುವುದಿಲ್ಲವೆಂದು ಕವಿ ಸ್ಪಷ್ಟಪಡಿಸಿದ. ಈ ದಿಸೆಯಲ್ಲಿ ಹೆಚ್ಚಿನ ಸಂಶೋಧನೆಗೆ ಅನುದಾನ ಕೋರಿ ಅರ್ಜಿ ಸಲ್ಲಿಸಿದ್ದೇನೆ: 200 ಪುಟದ ವಹಿ ಒಂದು, ಸ್ಕೆಚ್‌ಪೆನ್ ಡಬ್ಬಿ ಒಂದು, ಲಾವಾ ಬಾಕಿಯಿರುವುದರಿಂದ ಕೆಂಪು ಮಾತ್ರ ಹೆಚ್ಚುವರಿ ಎರಡು, ಕಲ್ಲು ಬೀಳುವ ಕೋನವನ್ನು ಮೇಲಿನಿಂದ ಪರಿಶೀಲಿಸಲು ಜಾತ್ರೆಯ ಆಕಾಶ ತೊಟ್ಟಿಲಿನಲ್ಲಿ ಕವಿಗೂ ಸಂಶೋಧಕನಿಗೂ ತಲಾ ಒಂದು ಸುತ್ತು. ಅರ್ಜಿ ಅಕ್ಕನ ಮುಂದಿದೆ. ಆಕೆ ಮೊದಲು ಭಿನ್ನರಾಶಿಯ ಪುಟಗಳನ್ನು ತೋರಿಸಿರಿ ಎಂದಿದ್ದಾಳೆ.