ಮೀನುತೊಟ್ಟಿಯ ಗಾಜಿನಲ್ಲಿ ಪ್ರಕ್ಷಿಪ್ತ ಪಾಠ: ಒಂದು ಗ್ರಂಥಸಂಪಾದನಾ ವಿಚಾರ

ಮಹಾಭಾರತದೊಳಗೆ ಯಾರು ಯಾರೋ ತೂರಿಸಿದ ಶ್ಲೋಕಗಳನ್ನು, ಅಂದರೆ ಪ್ರಕ್ಷಿಪ್ತಗಳನ್ನು, ಬೇರ್ಪಡಿಸಲು ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಪಂಡಿತರು 1919ರಿಂದ 1966ರವರೆಗೆ ದುಡಿದರು. ಅದೇ ಊರಿನ ಹಜಾರಗಳಲ್ಲಿ, ಮೀನುತೊಟ್ಟಿಯ ನೀರಿನ ಅಂಚಿಗುಂಟ ಬೆಳೆಯುವ ಬಿಳಿಯ ಪಾಠಕ್ಕೆ ಮಾತ್ರ ಇನ್ನೂ ಸಂಪಾದಕ ಒದಗಿಲ್ಲ. ‘ಕನ್ನಡ ಗ್ರಂಥ ಸಂಪಾದನೆ’ ಬರೆದ ಡಿ.ಎಲ್. ನರಸಿಂಹಾಚಾರ್ ಅವರೂ ಓಲೆಗರಿಗೆ ಕೊಟ್ಟ ಗಮನವನ್ನು ಅಕ್ವೇರಿಯಂಗೆ ಕೊಡಲಿಲ್ಲ. ಈ ಕೊರತೆಯನ್ನು ತುಂಬುವ ನಮ್ಮ ಪ್ರತಿಜ್ಞೆ ಇಷ್ಟೆ: ಗಾಜು ಓಲೆ, ಸುಣ್ಣದ ಕರೆ ಪ್ರಕ್ಷಿಪ್ತ, ಮೀನೇ ಮೂಲಪಾಠ. ಪ್ರಕ್ಷಿಪ್ತವನ್ನು ಅಳಿಸುವ ಭರದಲ್ಲಿ ಮೂಲಪಾಠವನ್ನು ಸಾಯಿಸಿದವನು ಸಂಪಾದಕನೆನಿಸಲಾರ.

ಮೊದಲು ಕರ್ತೃವಿಚಾರ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ನೀರು ಆವಿಯಾಗಿ ಇಂಗಾಲದ ಡೈಆಕ್ಸೈಡ್ ಹಾರಿಹೋದ ಮೇಲೆ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಾಜಿಗೆ ಅಂಟುತ್ತದೆ. ಪುಣೆಯ ನಲ್ಲಿಗೆ ಬರುವ ಖಡಕ್‌ವಾಸ್ಲಾ ಅಣೆಕಟ್ಟೆಯ ನೀರು ಮಳೆಯದು, ಮೆದು. ಊರಂಚಿನ ಸೊಸೈಟಿಗಳ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬಸಾಲ್ಟ್ ಬಂಡೆಯ ಬಿರುಕುಗಳಲ್ಲಿ ಕೂತು ಖನಿಜ ಮೇಯ್ದು ಬಂದದ್ದು. ಇದೇ ಬಂಡೆಯ ಪೊಟರೆಯಲ್ಲಿ ಹರಳಾದದ್ದಕ್ಕೆ ಬೆಲೆಯುಂಟು. ಪುಣೆ ಬಳಿಯ ವಾಘೋಲಿ ಕಲ್ಲುಗಣಿಯ ನೀಲಿ ಖನಿಜ ಕ್ಯಾವನ್ಸೈಟನ್ನು ಸಂಗ್ರಾಹಕರು ದುಡ್ಡು ಕೊಟ್ಟು ಒಯ್ಯುತ್ತಾರೆ. ಕಾಲನಿರ್ಣಯ ಇನ್ನೂ ತೊಡಕಿನದು. ಸುಮಾರು 6.6 ಕೋಟಿ ವರ್ಷ ಹಳೆಯ ದಖ್ಖಣದ ಲಾವಾ ಪದರಗಳಲ್ಲಿ ಕೆಳಗಿನದು ಹಳೆಯದು. ತೊಟ್ಟಿಯಲ್ಲಿ ನೀರು ಇಳಿಯುತ್ತ ಹೋದಂತೆ ಗೆರೆ ಬೀಳುವುದರಿಂದ ಕೆಳಗಿನದೇ ಹೊಸದು. ಭೂವಿಜ್ಞಾನಿಗಳು ಇಲ್ಲಿ ತಲೆಕೆಳಗಾಗಿ ನಿಂತು ಓದತಕ್ಕದ್ದು.

ಪೂರ್ವಪಕ್ಷಿ ಹೇಳಬಹುದು: ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ ಗುಹಾಲಯವನ್ನು ಕಾಪಾಡುವ ಊರು ಈ ಗೆರೆಗಳನ್ನೇಕೆ ಕಾಪಾಡಬಾರದು? ಉತ್ತರ: ಆ ಗುಡಿಯನ್ನು ಕಡಿದವರಿಗೆ ಉದ್ದೇಶವಿತ್ತು, ಕರೆಗೆ ಇರುವುದು ಸೋಮಾರಿತನದ ಪೋಷಣೆ ಮಾತ್ರ. ಎರಡನೆಯವನು ಸ್ಟೀಲ್ ಸ್ಕ್ರಬ್ಬರ್ ಹಿಡಿದು ಬರುತ್ತಾನೆ. ಕಾಠಿಣ್ಯದ ಮೋಸ್ ಮಾನದಲ್ಲಿ ಕರೆಯ ಮೂಲವಾದ ಕ್ಯಾಲ್ಸೈಟ್ 3, ಗಾಜು ಸುಮಾರು 5.5, ಮರಳಿನ ಕ್ವಾರ್ಟ್ಜ್ 7. ಸ್ಕ್ರಬ್ಬರಿನಡಿ ಒಂದು ಮರಳುಕಣ ಸಿಕ್ಕರೆ ಪ್ರಕ್ಷಿಪ್ತ ಹೋಗಿ, ಅಳಿಸಲಾಗದ ಹೊಸ ಪಾಠಾಂತರ ಕೆತ್ತಲ್ಪಡುತ್ತದೆ. ಅಕ್ರಿಲಿಕ್ ತೊಟ್ಟಿಯಾದರೆ ಮರಳೂ ಬೇಡ, ಸ್ಕ್ರಬ್ಬರೊಂದೇ ಸಾಕು. ಮೂರನೆಯವನ ಕೈಯಲ್ಲಿ ಬಾತ್‌ರೂಮ್ ಆಸಿಡ್. ಅದು ಕರೆಯನ್ನು ಕ್ಷಣದಲ್ಲಿ ಕರಗಿಸುತ್ತದೆ, ನಿಜ. ತೊಟ್ಟಿಗೆ ಬಿದ್ದರೆ ಮೂಲಪಾಠವೂ ಉಳಿಯದು. ಸೋಪು, ಅಮೋನಿಯಾ ಬೆರೆತ ಗಾಜು ಒರೆಸುವ ದ್ರವ, ಇವೆರಡಕ್ಕೂ ಇದೇ ತೀರ್ಪು.

ಸಿದ್ಧಾಂತ ಅಡುಗೆಮನೆಯಲ್ಲಿದೆ. ನೀರನ್ನು ನಾಲ್ಕು ಬೆರಳಷ್ಟು ಇಳಿಸಿ, ಬಿಳಿ ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಕರೆಯ ಮೇಲೆ ಅಂಟಿಸಿಡಬೇಕು. ಕಾಲು ಗಂಟೆಯಲ್ಲಿ ವಿನೆಗರಿನ ಅಸಿಟಿಕ್ ಆಮ್ಲ ಸುಣ್ಣವನ್ನು ಕರಗುವ ಲವಣವಾಗಿಸುತ್ತದೆ. ಏಳುವ ಸಣ್ಣ ಗುಳ್ಳೆಗಳು ಹಿಂದೆ ಹಾರಿಹೋದ ಡೈಆಕ್ಸೈಡಿನ ಪುನರಾಗಮನವೇ ಸರಿ. ಮೆತ್ತಗಾದದ್ದನ್ನು ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕೆರೆದು, ಮೂಲೆಯ ಸಿಲಿಕೋನ್ ಅಂಟನ್ನು ಮುಟ್ಟದೆ, ಬರಿಯ ನೀರಿನ ಬಟ್ಟೆಯಿಂದ ಎರಡು ಮೂರು ಸಲ ಒರೆಸಿದರೆ ಸಂಪಾದನೆ ಮುಗಿಯಿತು. ಒಂದೆರಡು ಹನಿ ಬಿದ್ದರೇನು ಎಂಬ ಆಕ್ಷೇಪಕ್ಕೆ: ಹನಿ ದೊಡ್ಡ ತೊಟ್ಟಿಯಲ್ಲಿ ಅಡಗೀತು, ಧಾರೆಯಾದರೆ ನೀರಿನ ಆಮ್ಲತೆ ಏರದಂತೆ ತಡೆಯುವ ಕಾರ್ಬೊನೇಟನ್ನೇ ಅದು ತಿಂದು, ಮೀನು ತತ್ತರಿಸುತ್ತದೆ. ತೊಟ್ಟಿ ಖಾಲಿಯಿದ್ದರೆ ಅತ್ಯುತ್ತಮ.

ಆದರೂ ಪ್ರಕ್ಷಿಪ್ತಕಾರ ಮರಳುತ್ತಾನೆ. ಆವಿ ಒಯ್ಯುವುದು ನೀರನ್ನಷ್ಟೆ, ಸುಣ್ಣವನ್ನಲ್ಲ. ಆರಿದಷ್ಟನ್ನು ಮತ್ತೆ ಟ್ಯಾಂಕರ್ ನೀರಿನಿಂದ ತುಂಬಿದರೆ ಪ್ರತಿಸಲವೂ ಒಂದು ಪರ್ವ ಸೇರುತ್ತದೆ. ಆರಿದ ಪಾಲಿಗೆ ಆರ್‌ಓ ನೀರು ಸಾಕು. ಭಾಂಡಾರ್ಕರ್ ಪಂಡಿತರು ತೆಗೆದ ಶ್ಲೋಕಗಳನ್ನು ಎಸೆಯದೆ ಅಡಿಟಿಪ್ಪಣಿ, ಅನುಬಂಧಗಳಲ್ಲಿ ಉಳಿಸಿದರು. ನೀವು ಮಾತ್ರ ವಿನೆಗರ್ ಬಟ್ಟೆಯನ್ನು ಅನುಬಂಧವೆಂದು ತೊಟ್ಟಿಯಲ್ಲಿ ಜಾಲಾಡಬೇಡಿ.