ಅರುವತ್ತು ಕೆ.ಜಿ.ಯೊಳಗೆ

ನಮ್ಮೂರಿನ ಯುವಕ ಮಂಡಲದ ಕಬಡ್ಡಿ ತಂಡಕ್ಕೆ ನಾನು ಮ್ಯಾನೇಜರ್ ಆದದ್ದು ನನ್ನ ಆಟ ನೋಡಿ ಅಲ್ಲ, ನನ್ನ ಓಮ್ನಿ ನೋಡಿ. ಮಹಾಸಭೆಯಲ್ಲಿ ಅಧ್ಯಕ್ಷರು, "ಹನ್ನೆರಡು ಹುಡುಗರನ್ನು ಒಂದೇ ಟ್ರಿಪ್ಪಿನಲ್ಲಿ ಸಾಗಿಸುವ ಗಾಡಿ ಯಾರ ಹತ್ರ ಉಂಟು?" ಎಂದು ಕೇಳಿದರು. ಸಭೆ ನನ್ನತ್ತ ತಿರುಗಿತು. ಠರಾವು ಸರ್ವಾನುಮತದಿಂದ ಪಾಸಾಯಿತು. ನನ್ನ ಮತವೊಂದನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಅಲ್ಲಿಂದೀಚೆಗೆ ಊರಿನವರನ್ನು ಹೆಸರಿನಿಂದ ಗುರುತಿಸುವುದು ನನಗೆ ಮರೆತೇಹೋಗಿದೆ. ಪಂಚಾಯತ್ ಸದಸ್ಯೆ ನನ್ನ ಪಾಲಿಗೆ ಲೆಫ್ಟ್ ಕಾರ್ನರ್‌ನ ಅಮ್ಮ. ಸೊಸೈಟಿ ಕಾರ್ಯದರ್ಶಿ ರೈಟ್ ಕವರ್‌ನ ಸೋದರಮಾವ. ಶಾಲೆ ಬಿಟ್ಟ ಮಕ್ಕಳು ಎದುರಾದರೆ ಕಣ್ಣು ತಾನಾಗಿ ಅವರ ಕಾಲಿಗೆ ಹೋಗುತ್ತದೆ: ಇವನ ಮೀನಖಂಡ ಗಟ್ಟಿ ಉಂಟು, ಇನ್ನು ನಾಲ್ಕು ವರ್ಷಕ್ಕೆ ರೈಡಿಂಗಿಗೆ ಆದೀತು. "ಮಕ್ಕಳ ಕಾಲು ನೋಡಿದ್ದು ಸಾಕು, ರಸ್ತೆ ನೋಡಿ ಗಾಡಿ ಬಿಡಿ" ಎಂದು ಪಕ್ಕದಲ್ಲಿ ಕೂತ ಹೆಂಡತಿ ಗದರುತ್ತಾಳೆ.

ಘಟ್ಟದ ಮೇಲಿನವರಿಗೆ ಒಂದು ಮಾತು ಹೇಳಿಬಿಡಬೇಕು. ಟಿ.ವಿ.ಯಲ್ಲಿ ಕಾಣುವ ಕಬಡ್ಡಿಯಲ್ಲಿ 85 ಕೆ.ಜಿ. ತೂಗುವ ಆಳೂ ಆಡಬಹುದು. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹೊನಲು ಬೆಳಕಿನಡಿ ಬೆಳಗಿನ ಜಾವದವರೆಗೆ ನಡೆಯುವ ಪಂದ್ಯಾಟಗಳ ಲೆಕ್ಕವೇ ಬೇರೆ. ಮುಕ್ತ ವಿಭಾಗ ಇಲ್ಲವೆಂದಲ್ಲ. ಆದರೆ ಎಷ್ಟೋ ಪಂದ್ಯಾಟಗಳು 55, 60, 65 ಕೆ.ಜಿ. ಎಂದು ತೂಕದ ಬೇಲಿ ಹಾಕಿಕೊಂಡಿರುತ್ತವೆ. ಇದರಲ್ಲಿ ನ್ಯಾಯ ಇದೆ. ಬೇಲಿ ಇಲ್ಲದಿದ್ದರೆ ಸಣಕಲು ಹುಡುಗ ಎಷ್ಟು ಚುರುಕಾಗಿದ್ದರೂ ಎದುರಿನ ದಢೂತಿ ಕವರ್ ಒಂದು ಡ್ಯಾಶ್ ಕೊಟ್ಟನೆಂದರೆ, ಅವನನ್ನು ಪ್ರೇಕ್ಷಕರ ಚರುಮುರಿ ಪೊಟ್ಟಣಗಳ ನಡುವಿನಿಂದ ಎತ್ತಿ ತರಬೇಕಾಗುತ್ತದೆ. ನಮ್ಮದು 60ರ ತಂಡ.

ಆದರೆ ಈ ನ್ಯಾಯದಿಂದ ಮ್ಯಾನೇಜರನಿಗೆ ಬರುವ ಪಾಡು ಕ್ರಿಕೆಟಿನವರಿಗೂ ಫುಟ್‌ಬಾಲಿನವರಿಗೂ ಅರ್ಥವಾಗಲಾರದು. ಆಟಗಾರನನ್ನು ಬೆಳೆಸಬೇಕು, ಬೆಳೆಯಲು ಬಿಡಬಾರದು. ಹದಿನಾರರ ಪೋರನನ್ನು ಹಿಡಿದು ಟೋ ಟಚ್ಚು, ಬ್ಯಾಕ್ ಕಿಕ್ಕು, ಮೂವತ್ತು ಸೆಕೆಂಡಿನ ಉಸಿರು ಎಲ್ಲ ಕಲಿಸಿ, ಇನ್ನು ಇವನನ್ನು ರೈಡರ್ ಎಂದು ಧೈರ್ಯವಾಗಿ ಕರೆಯಬಹುದು ಅನ್ನುವ ಹೊತ್ತಿಗೆ ತೂಕದ ಯಂತ್ರ 62 ತೋರಿಸುತ್ತದೆ. "ಹುಡುಗ ಮೈ ತುಂಬಿಕೊಂಡ" ಎಂದು ಊರಿಗೆ ಊರೇ ಸಂತೋಷಪಡುವಾಗ ಮೂಲೆಯಲ್ಲಿ ಮುಖ ಹುಳ್ಳಗೆ ಮಾಡಿ ನಿಲ್ಲುವವನು ನಾನೊಬ್ಬನೇ.

ತೂಕ ನೋಡುವುದು ಪಂದ್ಯಾಟದ ದಿನ ಸಂಜೆ, ಶಾಲೆಯ ಜಗಲಿಯಲ್ಲಿ. ಒಮ್ಮೆ ನಮ್ಮ ಲೆಫ್ಟ್ ಕಾರ್ನರ್ ಹತ್ತಿ ನಿಂತ: 60.400. ಅಂಗಿ ಕಳಚಿದ. ಕೈಗೆ ಕಟ್ಟಿದ್ದ ದೇವಸ್ಥಾನದ ನೂಲು ಬಿಚ್ಚಿದ. ಅಜ್ಜಿ ಹಾಕಿಸಿದ ಬೆಳ್ಳಿಯ ನೇವಳ ಸೊಂಟದಿಂದ ತೆಗೆದು ನನ್ನ ಕೈಗೆ ಕೊಟ್ಟ. 60.250. ಓಮ್ನಿಯ ಡಿಕ್ಕಿಯಲ್ಲಿ ಇದಕ್ಕೆಂದೇ ಇಟ್ಟಿರುವ ರೇನ್‌ಕೋಟ್ ತೊಡಿಸಿ ಮೈದಾನದ ಸುತ್ತ ಓಡಿಸಿದೆ. ಜನವರಿಯ ಸಂಜೆ, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಗೋಳಿಬಜೆ ಕರಿಯುತ್ತಿದ್ದವರೊಬ್ಬರು ಗಾಬರಿಯಿಂದ ಒಲೆಯ ಮೇಲೆ ತಗಡು ಎಳೆದುಕೊಂಡು, "ಮಳೆ ಉಂಟಾ ಮಾರಾಯ್ರೆ?" ಎಂದು ಕೇಳಿದರು. ಬೆವರು ಸುರಿಸಿ ಬಂದವನು 60.050ಕ್ಕೆ ನಿಂತ. ಇಷ್ಟಕ್ಕೆ ಸೋಲುವುದೇ? ಒಬ್ಬ ಹಿರಿಯ ಆಟಗಾರ ಹುಣಿಸೆಹಣ್ಣಿನ ತುಂಡೊಂದನ್ನು ಅವನ ಬಾಯಿಗಿಟ್ಟು ಎದುರಿಗೆ ಒಂದು ಕರಟ ಇಟ್ಟ. ಹುಡುಗ ಅರ್ಧ ಗಂಟೆ ಕೂತು ಉಗುಳಿದ. 59.980. ಸಂಘಟಕರು ಪುಸ್ತಕದಲ್ಲಿ ಬರೆದುಕೊಂಡರು. ನಾವು ಕಪ್ ಗೆದ್ದವರ ಹಾಗೆ ಅಪ್ಪಿಕೊಂಡೆವು. ಆಮೇಲೆ ನಾನು ಪ್ರವೇಶ ಶುಲ್ಕ ಕಟ್ಟಿ ರಸೀದಿ ತರುವಷ್ಟರಲ್ಲಿ ಅವನು ಅದೇ ಗೋಳಿಬಜೆ ಅಂಗಡಿಯಲ್ಲಿ ಎರಡು ದಿನದ ಉಪವಾಸ ಮುರಿದಿದ್ದ. ರಾತ್ರಿ ಹನ್ನೊಂದಕ್ಕೆ ನಮ್ಮ ಮೊದಲ ಪಂದ್ಯ. ಎದುರಾಳಿ ರೈಡರ್‌ನ ಆ್ಯಂಕಲ್ ಹಿಡಿಯಲು ಬಗ್ಗಬೇಕಾದವನು ಅರ್ಧ ಬಗ್ಗಿ, ಯೋಚಿಸಿ, ನೆಟ್ಟಗಾದ.

ಮರುದಿನ ಪಂಚಾಯತ್ ಸದಸ್ಯೆ ನನ್ನನ್ನು ರಸ್ತೆಯಲ್ಲೇ ನಿಲ್ಲಿಸಿದರು. "ನನ್ನ ಮಗನಿಗೆ ಅನ್ನ ಹಾಕ್ಬೇಡಿ ಅಂತ ಹೇಳಿದ್ದು ನೀವಾ? ಅವನು ಎಂತ ಅಡಿಕೆಯಾ, ಒಣಗಿಸಿ ತೂಗ್ಲಿಕ್ಕೆ?"

ಇಂಥ ಹೊತ್ತಿಗೆ ಆಗಲಿ ಎಂದು ನಾನು ಮಮತಾ ಪೂಜಾರಿಯವರ ಹೆಸರನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಕಾರ್ಕಳ ತಾಲೂಕಿನ ಹಳ್ಳಿಯ ಹುಡುಗಿ ಕಬಡ್ಡಿ ಆಡಿ ಭಾರತದ ತಂಡಕ್ಕೆ ಹೋದದ್ದು, ಏಷ್ಯನ್ ಗೇಮ್ಸ್ ಚಿನ್ನ ತಂದದ್ದು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದದ್ದು ಎಲ್ಲ ಹೇಳುತ್ತೇನೆ. ತಾಯಂದಿರು ಆಕಳಿಸುತ್ತಾರೆ. ಕೊನೆಗೆ "ರೈಲ್ವೆಯಲ್ಲಿ ಕೆಲಸ ಸಿಕ್ಕಿತು" ಅನ್ನುತ್ತೇನೆ. ಅಲ್ಲಿಗೆ ಒಳಗಿನಿಂದ ಚಹಾ ಬರುತ್ತದೆ. ತೊಂದರೆ ಏನೆಂದರೆ ಚಹಾದ ಹಿಂದೆಯೇ ಪ್ರಶ್ನೆಯೂ ಬರುತ್ತದೆ: "ಹಾಗಾದ್ರೆ ಇವನಿಗೆ ಯಾವಾಗ?" ಇವನು ಮೊದಲು 60ರ ಒಳಗೆ ಬರಲಿ ಅಕ್ಕಾ, ಆಮೇಲೆ ರೈಲಿನ ಒಳಗೆ ಹೋಗಬಹುದು.

ಅಮ್ಮಂದಿರನ್ನಾದರೂ ನಿಭಾಯಿಸಬಹುದು. ಅತ್ತೆಯಂದಿರ ಮುಂದೆ ನನ್ನ ಆಟ ನಡೆಯುವುದಿಲ್ಲ. ನಮ್ಮ ಅತ್ಯುತ್ತಮ ರೈಡರ್ ಮೇ ತಿಂಗಳಲ್ಲಿ ಮದುವೆಯಾದಾಗ ಸರಿಯಾಗಿ 59 ಕೆ.ಜಿ. ಇದ್ದ, ಧಾರೆಯ ಮೊದಲು ನಾನೇ ವಿಚಾರಿಸಿಕೊಂಡಿದ್ದೆ. ಆಮೇಲೆ ನೆಂಟರ ಮನೆಗಳಲ್ಲಿ ಸರದಿಯ ಊಟ. ಒಂದು ಕಡೆ ಕೋರಿ ರೊಟ್ಟಿ, ಇನ್ನೊಂದು ಕಡೆ ನೀರುದೋಸೆ ಕೋಳಿಸಾರು, ಮಳೆ ಹಿಡಿದ ಮೇಲೆ ಪತ್ರೊಡೆ. ಹೊಸ ಅಳಿಯ 'ಸಾಕು' ಅಂದರೆ ಅತ್ತೆಗೆ ಅವಮಾನ, 'ಇನ್ನೊಂದು' ಅಂದರೆ ನನಗೆ ನಷ್ಟ. ಅವನು ಅತ್ತೆಯ ಮಾನ ಕಾದ. ಮಳೆಗಾಲ ಕಳೆದು ಅಭ್ಯಾಸಕ್ಕೆ ಬಂದವನ ಜೆರ್ಸಿಯಲ್ಲಿ ಬೆನ್ನಿನ ನಂಬರು ಪಕ್ಕೆಯವರೆಗೆ ಅಗಲವಾಗಿತ್ತು.

ಇನ್ನು ಧಣಿಗಳು. ಒಬ್ಬ ಹುಡುಗ ವಯರಿಂಗ್ ಕೆಲಸದವನು, ಇನ್ನೊಬ್ಬ ಮಂಗಳೂರಿನ ಹೋಟೆಲಿನವನು. ಶನಿವಾರ ರಾತ್ರಿ ರಜೆ ಕೇಳಿಸಿಕೊಡುವುದು ನನ್ನ ಕೆಲಸ. ಹೋಟೆಲಿಗೆ ಫೋನ್ ಮಾಡಿ ಅಜ್ಜನಿಗೆ ಸೀರಿಯಸ್ ಎಂದೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜ ಎಷ್ಟು ಕೆ.ಜಿ. ವಿಭಾಗ?" ಎಂದು ಕೇಳಿದರು. ಅದೇ ಪಂದ್ಯಾಟಕ್ಕೆ ಅವರ ಊರಿನ ತಂಡವೂ ಬರುವುದಿತ್ತಂತೆ, ಒಬ್ಬ ಕವರ್ ಕಡಿಮೆ ಇದ್ದನಂತೆ. ರಜೆ ಸಿಕ್ಕಿತು. ಹುಡುಗ ಆಡಿದ್ದು ಅವರ ಕಡೆಗೆ.

2014ರಲ್ಲಿ ಪ್ರೊ ಕಬಡ್ಡಿಯ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್‌ಗೆ, 12.80 ಲಕ್ಷ ರೂಪಾಯಿ. 2023ರಲ್ಲಿ ತೆಲುಗು ಟೈಟನ್ಸ್‌ನವರು ಪವನ್ ಸೆಹ್ರಾವತ್‌ಗೆ 2.60 ಕೋಟಿಗೂ ಮೇಲೆ ಕೂಗಿದರು. ನಮ್ಮ ಕಡೆ ಧಾರಣೆ ಅಷ್ಟು ಏರಿಲ್ಲ. ಪಕ್ಕದೂರಿನವರು ನಮ್ಮ ಎರಡನೆಯ ರೈಡರನ್ನು ಒಂದು ಜೊತೆ ಶೂಗೆ ಎಳೆದುಕೊಂಡರು. ಶೂ ಅರ್ಧ ಇಂಚು ಸಣ್ಣದಾದ್ದರಿಂದ ವಾಪಸು ಬಂದ.

ಆ ಪವನ್‌ನಿಂದ ನನಗೊಂದು ಉಪದ್ರವ ಉಂಟು. 2017ರಲ್ಲಿ ಗುಜರಾತ್ ತಂಡ ಅವನನ್ನು ಹೆಚ್ಚಾಗಿ ಬೆಂಚಿನಲ್ಲೇ ಕೂರಿಸಿತ್ತು. ಮುಂದಿನ ಆವೃತ್ತಿಗೆ ಬೆಂಗಳೂರು ಬುಲ್ಸ್‌ಗೆ ಬಂದ. 2019ರ ಜನವರಿ 5ರಂದು ಮುಂಬೈಯ ಫೈನಲ್‌ನಲ್ಲಿ ಎದುರಿದ್ದದ್ದು ಅದೇ ಗುಜರಾತ್. ಅವನೊಬ್ಬನೇ 22 ಅಂಕ ತಂದು ಬುಲ್ಸ್ 38-33ರಲ್ಲಿ ಕಪ್ ಎತ್ತಿತು. ಬೆಂಚಿನಲ್ಲಿ ಕೂತ ಹುಡುಗರಿಗೆಲ್ಲ ಈ ಕಥೆ ಬಾಯಿಪಾಠ. "ಅಣ್ಣಾ, ಪವನ್‌ನನ್ನೂ ಹೀಗೇ ಕೂರಿಸಿದ್ರು" ಎಂದು ನಮ್ಮ ಖಾಯಂ ಬದಲಿ ಆಟಗಾರ ಪ್ರತಿ ಪಂದ್ಯದಲ್ಲೂ ಕಿವಿಯಲ್ಲಿ ಊದುತ್ತಾನೆ. ತಡೆಯಲಾರದೆ ಒಮ್ಮೆ ಇಳಿಸಿದೆ. ಎದುರು ಅಂಕಣದಲ್ಲಿ ಉಳಿದವರು ನಾಲ್ಕೇ ಮಂದಿ. ಆರು ಜನ ಇಲ್ಲದಿದ್ದರೆ ಬೋನಸ್ ಗೆರೆಗೆ ಬೆಲೆಯೇ ಇಲ್ಲ. ಈತ ನೇರ ಹೋಗಿ ಬೋನಸ್ ಗೆರೆ ದಾಟಿ, ನನ್ನತ್ತ ತಿರುಗಿ ಒಂದು ಬೆರಳು ಎತ್ತಿ ತೋರಿಸಿದ. ನಾಲ್ವರೂ ಸಾವಕಾಶವಾಗಿ ಬಂದು ಹಿಡಿದುಕೊಂಡರು.

ಹುಡುಗರನ್ನು ತಯಾರು ಮಾಡಿದರೆ ತಂಡ ತಯಾರಾಗುತ್ತದೆಂಬುದು ಸುಳ್ಳಲ್ಲ, ಯಾರ ತಂಡ ಎಂಬುದಷ್ಟೇ ಗೊತ್ತಿರುವುದಿಲ್ಲ. ನಮ್ಮಲ್ಲಿ ಆ್ಯಂಕಲ್ ಹೋಲ್ಡ್ ಕಲಿತ ಹುಡುಗನೊಬ್ಬ ಅಜ್ಜಿಮನೆಯ ಊರಿನ ಪರವಾಗಿ ಬಂದು ನಮ್ಮ ರೈಡರನ್ನೇ ಕೆಡವಿದ. ಹಿಡಿತ ಎಷ್ಟು ಚೊಕ್ಕವಾಗಿತ್ತೆಂದರೆ ಚಪ್ಪಾಳೆ ತಟ್ಟಲು ಎದ್ದ ನನ್ನ ಕೈಗಳನ್ನು ಅಧ್ಯಕ್ಷರ ಮುಖ ನೋಡಿ ಕಿಸೆಗೆ ಹಾಕಿಕೊಂಡೆ. 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನಿನ ಹುಡುಗಿಯರು ಭಾರತವನ್ನು 27-24ರಲ್ಲಿ ಸೋಲಿಸಿದರಲ್ಲ, ಅವರನ್ನು ಪಳಗಿಸಿದವರು ನಾಸಿಕದ ಶೈಲಜಾ ಜೈನ್. ಆ ಹೊತ್ತು ಅವರು ಕೈಗಳನ್ನು ಎಲ್ಲಿಟ್ಟುಕೊಂಡಿದ್ದರೋ.

ಈ ಸಲ ದೊಡ್ಡ ಪಂದ್ಯಾಟವೊಂದನ್ನು 65 ಕೆ.ಜಿ. ವಿಭಾಗಕ್ಕೆ ಏರಿಸಿದ್ದಾರೆಂದು ವಾಟ್ಸ್‌ಆ್ಯಪ್‌ನಲ್ಲಿ ಬಂತು. ನನ್ನ ಮೈಯಲ್ಲಿ ರಕ್ತ ಓಡಿತು. ಮದುವೆಯಾದವರು, ಮೈ ತುಂಬಿಕೊಂಡವರು, ಕೈಬಿಟ್ಟುಹೋದವರೆಲ್ಲ ಒಟ್ಟಿಗೆ ವಾಪಸು! ಮೊದಲ ಫೋನು ರೈಡರ್‌ನ ಅತ್ತೆಮನೆಗೆ. ಅತ್ತೆಯೇ ಎತ್ತಿದರು. ಅಳಿಯನ ತೂಕ ಅಂದಾಜು ಎಷ್ಟಿರಬಹುದು ಎಂದು ವಿನಯದಿಂದ ವಿಚಾರಿಸಿದೆ.

"ದೃಷ್ಟಿ ಹಾಕ್ಬೇಡಿ," ಅಂದರು. "ಮೊನ್ನೆಯಷ್ಟೇ ಎಪ್ಪತ್ತು ದಾಟಿದ್ದು."